ಒಂದೇ ಔಷಧ, ಎರಡು ಮೈ

ಇಬ್ಬರು ರೋಗಿಗಳನ್ನು ಊಹಿಸಿಕೊಳ್ಳಿ: ಒಬ್ಬರು ಕೊಚ್ಚಿಯ ಕಲೂರಿನವರು, ಇನ್ನೊಬ್ಬರು ಕಾಸರಗೋಡಿನ ಕನ್ನಡಿಗರು. ಇಬ್ಬರಿಗೂ ಜಠರದ ಕ್ಯಾನ್ಸರ್, ಅದೂ ಒಂದೇ ಹಂತದ್ದು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಇಬ್ಬರಿಗೂ ಒಂದೇ ಕೀಮೋ. ಒಬ್ಬರು ಸುಸ್ತು, ವಾಕರಿಕೆಯಲ್ಲೇ ದಾಟಿಕೊಳ್ಳುತ್ತಾರೆ. ಇನ್ನೊಬ್ಬರಿಗೆ ಬಾಯಿ ತುಂಬ ಹುಣ್ಣು, ನಿಲ್ಲದ ಭೇದಿ. ಬಿಳಿ ರಕ್ತಕಣಗಳು ಕುಸಿದು ಜೀವಕ್ಕೇ ಕುತ್ತು.

ವ್ಯತ್ಯಾಸ ಗೆಡ್ಡೆಯಲ್ಲೇ ಇರಬೇಕೆಂದಿಲ್ಲ. ಗೆಡ್ಡೆಯ ಜೀನ್ ಬದಲಾವಣೆಗಳು ಬಹುಪಾಲು ಆಮೇಲೆ ಹುಟ್ಟಿಕೊಂಡವು. ಅಪ್ಪ ಅಮ್ಮನಿಂದ ಬಂದವು ಮೈಯ ಎಲ್ಲೆಡೆ ಇರುತ್ತವೆ, ರಕ್ತ ಪರೀಕ್ಷೆಯಲ್ಲೇ ಸಿಗುತ್ತವೆ. ಜಠರದ ಕ್ಯಾನ್ಸರಿಗೆ ಕೊಡುವ 5-ಫ್ಲೋರೋಯುರಾಸಿಲ್ ಔಷಧದ ಶೇ. 80ಕ್ಕೂ ಹೆಚ್ಚು ಭಾಗವನ್ನು ಒಡೆದು ಹೊರಹಾಕುವುದು ಡಿಪಿಡಿ ಎಂಬ ಕಿಣ್ವ. ಅದನ್ನು ತಯಾರಿಸುವ ಜೀನ್ ಹುಟ್ಟಿನಿಂದಲೇ ಮಂದವಾಗಿದ್ದರೆ ಮಾಮೂಲಿ ಡೋಸೇ ವಿಷವಾಗುತ್ತದೆ. ಮೊದಲೇ ತಿಳಿದರೆ ಡೋಸ್ ಇಳಿಸಬಹುದು. ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಡಿಪಿಡಿ ಕೊರತೆಯ ಪರೀಕ್ಷೆಯನ್ನು ಶಿಫಾರಸು ಮಾಡಿದೆ.

ವಂಶದ ಜೀನ್ ಎಂದೊಡನೆ ಜನ ನೆನೆಯುವುದು ಕೆಟ್ಟರೆ ಜಠರದ ಕ್ಯಾನ್ಸರನ್ನೇ ತರಬಲ್ಲ ಸಿಡಿಎಚ್1 ಅನ್ನು. 1998ರಲ್ಲಿ ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ಪ್ಯಾರಿ ಗಿಲ್ಫೋರ್ಡ್ ತಂಡ ಗುರುತಿಸಿದ್ದು ಈ ಜೀನ್‌ನ ದೋಷವನ್ನೇ. ಆ ದೋಷವಿದ್ದವರಲ್ಲಿ ಎಷ್ಟೋ ಮಂದಿ ರೋಗ ಬರುವ ಮೊದಲೇ ಜಠರವನ್ನು ತೆಗೆಸಿಕೊಳ್ಳುತ್ತಾರೆ. ಆದರೆ ಇಂಥ ಕುಟುಂಬಗಳು ವಿರಳ. ರೋಗ ಬಂದಾದ ಮೇಲಿನ ಆಯುಷ್ಯಕ್ಕೆ ಡಿಪಿಡಿಯದರಂಥ ಸದ್ದಿಲ್ಲದ ಜೀನ್‌ಗಳ ಲೆಕ್ಕವೇ ಹೆಚ್ಚು ಬೇಕಾದೀತು ಎಂದು ನನಗನ್ನಿಸುತ್ತದೆ. ರೋಗ ತರುವ ಜೀನೂ ಚಿಕಿತ್ಸೆಯ ಲೆಕ್ಕಕ್ಕೆ ಬರಬಹುದು. ಲಿಂಚ್ ಸಿಂಡ್ರೋಮ್ ನೋಡಿ: ಡಿಎನ್‌ಎಯ ತಪ್ಪು ತಿದ್ದುವ ಜೀನ್ ವಂಶದಲ್ಲೇ ಕೆಟ್ಟಿರುತ್ತದೆ, ಕ್ಯಾನ್ಸರಿನ ಅಪಾಯ ಏರುತ್ತದೆ. ಆದರೆ ತಪ್ಪುಗಳು ತುಂಬಿದ ಅಂಥ ಗೆಡ್ಡೆಯನ್ನು ರೋಗನಿರೋಧಕ ಕಣಗಳು ಸುಲಭವಾಗಿ ಗುರುತಿಸುತ್ತವೆ. ಆ ಕಣಗಳನ್ನೇ ಗೆಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿಗೆ ಅದು ಚೆನ್ನಾಗಿ ಮಣಿಯುತ್ತದೆ. ರೋಗ ತಂದ ದೋಷವೇ ಚಿಕಿತ್ಸೆಗೆ ದಾರಿಯಾಗುವ ವಿಚಿತ್ರ ಇದು.

ಹಾಗೆಂದು ಜೀನ್‌ನ ಯಾವುದೋ ಒಂದು ಅಕ್ಷರ ಬದಲಾದರೆ ಆಯುಷ್ಯ ಕಡಿಮೆ ಎನ್ನುವ ವರದಿಗಳನ್ನೆಲ್ಲ ನಂಬಬೇಕಿಲ್ಲ. ಕೆಲವೇ ರೋಗಿಗಳಲ್ಲಿ ಕಂಡ ನಂಟು ಇನ್ನೊಂದು ಊರಿನಲ್ಲಿ ಕಾಣದೇ ಹೋಗುವುದು ಮಾಮೂಲು. ರೋಗ ಯಾವ ಹಂತದಲ್ಲಿ ಸಿಕ್ಕಿತು ಎಂಬುದೇ ಇಂದಿಗೂ ದೊಡ್ಡ ಮಾತು.

ಇನ್ನೊಂದು ತೊಡಕಿದೆ. ಡಿಪಿಡಿ ಪರೀಕ್ಷೆಗಳು ಸಾಮಾನ್ಯವಾಗಿ ಹುಡುಕುವ ನಾಲ್ಕು ಬದಲಾವಣೆಗಳು ಮುಖ್ಯವಾಗಿ ಯುರೋಪಿಯನ್ನರಲ್ಲಿ ಗುರುತಿಸಿದವು. ನಮ್ಮವರ ಪಟ್ಟಿ ಬೇರೆ ಇರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ಜೀನೋಮ್‌ಇಂಡಿಯಾ ಯೋಜನೆಯ 10,000 ಜನರ ಜೀನೋಮ್ ಮಾಹಿತಿ ಜನವರಿ 2025ರಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಅದರಲ್ಲಿ ಜೀನ್ ಇದೆ, ಕೀಮೋ ಕತೆ ಇಲ್ಲ. ಆ ಕತೆ ತಿರುವನಂತಪುರದ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ರೋಗಿಗಳ ಕಡತಗಳಲ್ಲಿದೆ. ಇವೆರಡು ಜೋಡಣೆಯಾದರೆ ಕಲೂರಿನವರಿಗೂ ಕಾಸರಗೋಡಿನವರಿಗೂ ಮೊದಲ ಡೋಸ್ ಬೇರೆ ಬೇರೆ ಬರೆಯಬಹುದು.