ದಿನಕ್ಕೆ ಎಂಟು ಕಾದಾಟ ಎಂದು ಯಾರು ಹೇಳಿದರು?

ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುವವರ ನಡುವೆ ಒಂದು ಮಾತು ಶಾಸನದಂತೆ ಓಡಾಡುತ್ತಿದೆ: ಪೂರ್ತಿ ಚೇತರಿಸಿಕೊಳ್ಳುವ ಲಾಂಗ್ ರೆಸ್ಟ್‌ಗೆ ಮುಂಚೆ ಆರರಿಂದ ಎಂಟು ಕಾದಾಟ ನಡೆಯಲೇಬೇಕು, ಇಲ್ಲದಿದ್ದರೆ ಆಟ ಹದಗೆಡುತ್ತದೆ. ಇದನ್ನು ನಂಬಿದ, ಆಟ ನಡೆಸುವ ಡಂಜನ್ ಮಾಸ್ಟರ್‌ಗಳು ಕಥೆಗೆ ಸಂಬಂಧವೇ ಇಲ್ಲದ ಗಾಬ್ಲಿನ್‌ಗಳನ್ನು ದಾರಿಯುದ್ದಕ್ಕೂ ತುರುಕುತ್ತಾರೆ. ವಾರಗಟ್ಟಲೆ ಆಡಿದರೂ ಕಥೆಯಲ್ಲಿ ಒಂದು ದಿನ ಕಳೆಯುವುದಿಲ್ಲ. ಒಳ್ಳೆಯ ಕ್ಯಾಂಪೇನ್‌ಗಳು ಹೀಗೆ ಸೊರಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2014ರ ಡಂಜನ್ ಮಾಸ್ಟರ್ಸ್ ಗೈಡ್ ಹೇಳಿದ್ದೇ ಬೇರೆ. ಅದೃಷ್ಟ ಸಾಧಾರಣವಾಗಿದ್ದರೆ, ಮಧ್ಯಮ ಅಥವಾ ಕಠಿಣ ಮಟ್ಟದ ಆರೆಂಟು ಎನ್‌ಕೌಂಟರ್‌ಗಳನ್ನು ಒಂದು ತಂಡ ದಿನಕ್ಕೆ ತಾಳಿಕೊಳ್ಳಬಲ್ಲದು ಎಂದಷ್ಟೇ ಅಲ್ಲಿದೆ. ಸುಲಭದವಾದರೆ ಹೆಚ್ಚು, ಮಾರಕವಾದರೆ ಕಡಿಮೆ ಎಂಬುದೂ ಅದರ ಬೆನ್ನಿಗೇ ಇದೆ. ಕೋಷ್ಟಕ ನೋಡಿ: 5ನೇ ಲೆವೆಲ್‌ನ ಒಂದು ಪಾತ್ರಕ್ಕೆ ದಿನದ ಲೆಕ್ಕ 3,500 ಎಕ್ಸ್‌ಪಿ (ಅನುಭವದ ಅಂಕ). ಮಧ್ಯಮ ಕಾದಾಟಕ್ಕೆ 500ರಂತೆ ಏಳಾಗುತ್ತವೆ. ಮಾರಕ ಕಾದಾಟಕ್ಕೆ 1,100ರಂತೆ ಮೂರಕ್ಕೇ ದಿನ ಮುಗಿಯುತ್ತದೆ.

ದಿನಕ್ಕೆ ಒಂದೇ ಕಾದಾಟವಿದ್ದರೆ ವಿಜರ್ಡ್ ತನ್ನ ಸ್ಪೆಲ್ ಸ್ಲಾಟ್‌ಗಳನ್ನೆಲ್ಲ ಅಲ್ಲೇ ಸುರಿಯುತ್ತಾನೆ, ನಡುವಿನ ಚಿಕ್ಕ ವಿಶ್ರಾಂತಿಯಾದ ಶಾರ್ಟ್ ರೆಸ್ಟ್ ನೆಚ್ಚಿಕೊಂಡ ವಾರ್ಲಾಕ್ ಮಂಕಾಗುತ್ತಾನೆ ಎಂಬ ದೂರು ನಿಜ. ಮೂರು ದೊಡ್ಡ ಕಾದಾಟ, ನಡುವೆ ಎರಡು ಶಾರ್ಟ್ ರೆಸ್ಟ್ ಇಟ್ಟರೆ ಅದು ಬಗೆಹರಿಯುತ್ತದೆ. ಜೊತೆಗೆ ಸಮಯಕ್ಕೊಂದು ಬೆಲೆ ಇರಬೇಕು. 1981ರ ಬೇಸಿಕ್ ನಿಯಮಗಳಲ್ಲಿ ಪಂಜು ಆರು ಟರ್ನ್, ಅಂದರೆ ಒಂದು ಗಂಟೆ ಉರಿಯುತ್ತಿತ್ತು. ಎರಡು ಟರ್ನ್‌ಗೊಮ್ಮೆ ದಾಳ ಉರುಳಿಸಿದಾಗ ಒಂದು ಬಿದ್ದರೆ ಅಲೆಯುವ ರಾಕ್ಷಸ ಎದುರಾಗುತ್ತಿದ್ದ. ಕೂತಷ್ಟೂ ಬೆಳಕು ಕರಗುತ್ತಿತ್ತು, ಅಪಾಯ ಹತ್ತಿರವಾಗುತ್ತಿತ್ತು. ಕಾದಾಟ ಎಣಿಸುವ ಗೋಜೇ ಇರಲಿಲ್ಲ.

ಬೇಕೆಂದಾಗಲೆಲ್ಲ ಲಾಂಗ್ ರೆಸ್ಟ್ ಸಿಗುತ್ತದೆ ಎಂಬುದೂ ಸುಳ್ಳು. 2014ರ ನಿಯಮದಲ್ಲಿ 24 ಗಂಟೆಗೆ ಒಂದೇ. ಇನ್ನು ವಿಶ್ರಾಂತಿಯನ್ನೇ ಹಿಗ್ಗಿಸಿ ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ ಇಟ್ಟ ಮಾತ್ರಕ್ಕೆ ಆಟ ಕಠಿಣವಾಗುವುದಿಲ್ಲ, ಕಾದಾಟಗಳೂ ವಾರಕ್ಕೆ ಹರಡಿಕೊಂಡರೆ ದಣಿವು ಮೊದಲಿನಷ್ಟೇ.

ನನಗೆ ಸಿಟ್ಟು ಬರುವುದು ಪುಸ್ತಕ ಕಪಾಟಿನಲ್ಲೇ ಇದ್ದರೂ ಯಾರೋ ವಿಡಿಯೊದಲ್ಲಿ ಹೇಳಿದ್ದನ್ನು ನಿಯಮವೆಂದು ಒಪ್ಪಿಕೊಳ್ಳುವುದಕ್ಕೆ. ಹೇಳಿದವನೂ ಇನ್ನೊಬ್ಬನಿಂದ ಕೇಳಿಯೇ ಹೇಳಿರುತ್ತಾನೆ. 2024ರ ಗೈಡ್ ಈ ದಿನದ ಲೆಕ್ಕವನ್ನೇ ಕೈಬಿಟ್ಟಿದೆ. ಹೊಸ ಪುಸ್ತಕ ಕೊಂಡವರ ಬಾಯಲ್ಲೂ ಅದೇ ಆರೆಂಟರ ಮಾತು.