ಕಂಪ್ಯೂಟರ್ ಹ್ಯಾಂಗ್ ಆಯಿತೇ? ಮೊದಲು ನೋಟ್‌ಬುಕ್ ತೆಗೆಯಿರಿ

ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಂಡ ಡೆಸ್ಕ್‌ಟಾಪು ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತದೆ. ಮೌಸಿನ ಬಾಣ ಕದಲುವುದಿಲ್ಲ. ಹಾಡು ಒಂದೇ ಸ್ವರಕ್ಕೆ ಅಂಟಿಕೊಂಡು ಗುಂಯ್ ಎನ್ನುತ್ತದೆ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ ಮತ್ತೆ ಹಾಕಿದರೆ ಎರಡು ದಿನ ಏನೂ ಆಗಿಲ್ಲದ ಹಾಗೆ ನಡೆಯುತ್ತದೆ. ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಒಮ್ಮೆಯೂ ಹ್ಯಾಂಗ್ ಆಗುವುದಿಲ್ಲ! "ಒಂದ್ಸಲ ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್" ಎನ್ನುತ್ತಾರೆ. ದುಡ್ಡು ಕೊಟ್ಟು ಬರುತ್ತೀರಿ. ವಾರದೊಳಗೆ ಮತ್ತೆ ಅದೇ ಕಥೆ.

ನಮ್ಮ ಅನುಗೊಂಡನಹಳ್ಳಿಯಿಂದ ಹೊಸಕೋಟೆಗೋ ಕಾಡುಗೋಡಿಗೋ ಆ ಡಬ್ಬ ಹೊತ್ತು ಹೋಗಿಬರುವುದೇ ಅರ್ಧ ದಿನದ ಕೆಲಸ. ಹೊರಡುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಬಹಳ ಇದೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್ ಇದ್ದರೆ ಸಾಕು.

ಹ್ಯಾಂಗ್ ಆದ ಕೂಡಲೇ ಪವರ್ ಬಟನ್‌ಗೆ ಕೈ ಹಾಕಬೇಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ಸಣ್ಣ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಒಳಗೆ ಬದುಕಿದೆ, ಪರದೆ ಮಾತ್ರ ನಿಂತಿದೆ ಎಂದು ತಿಳಿಯಿರಿ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಲಿಗಳ ಜೊತೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಹೊಸದಾಗಿ ಶುರುವಾಗುತ್ತದೆ. ಚಿತ್ರ ಮರಳಿದರೆ ದೋಷ ಆ ಕಡೆಯದು. ದೀಪ ಅಲುಗದಿದ್ದರೆ ರ್‍ಯಾಮ್, ಪ್ರೊಸೆಸರ್, ಬೋರ್ಡ್ ಅಥವಾ ಎಸ್‌ಎಂಪಿಎಸ್‌ನ ಕಡೆ ನೋಡಬೇಕು. ಎಸ್‌ಎಂಪಿಎಸ್ ಎಂದರೆ ಮನೆಯ 230 ವೋಲ್ಟ್ ಕರೆಂಟನ್ನು ಬೋರ್ಡಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸುವ ಪೆಟ್ಟಿಗೆ.

ಇನ್ನು ನೋಟ್‌ಬುಕ್. ಪ್ರತಿ ಸಲ ತಾರೀಖು, ಸಮಯ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಏನು ಮಾಡುತ್ತಿದ್ದಿರಿ ಎಂದು ಬರೆದಿಡಿ. "ಯಾವಾಗಂದ್ರೆ ಆವಾಗ ಆಗುತ್ತೆ" ಎಂಬುದು ಬರೆದಿಡದವರ ಮಾತು.

ನಮ್ಮ ಬೀದಿಯ ಒಬ್ಬ ಹುಡುಗ ಮೊದಲ ತಲೆಮಾರಿನ ರೈಜನ್ ಪ್ರೊಸೆಸರನ್ನು ಸೆಕೆಂಡ್‌ಹ್ಯಾಂಡ್ ತಂದು, ಮನೆಯಲ್ಲಿದ್ದ ಹಳೇ ಎಸ್‌ಎಂಪಿಎಸ್‌ಗೆ ಜೋಡಿಸಿದ್ದ. ಎರಡು ಸಲ ಫಾರ್ಮ್ಯಾಟ್ ಆಯಿತು, ರ್‍ಯಾಮ್ ಬದಲಾಯಿತು, ಹ್ಯಾಂಗ್ ನಿಲ್ಲಲಿಲ್ಲ. ಪುಸ್ತಕದಲ್ಲಿ ಬರೆಯಲು ಹೇಳಿದೆ. ಏಳು ಸಲದ ಲೆಕ್ಕ ಸಿಕ್ಕಿದಾಗ ನೋಡಿದರೆ, ಮೂರು ಗಂಟೆ ಗೇಮ್ ಆಡಿದಾಗ ಒಮ್ಮೆಯೂ ಇಲ್ಲ. ಏಳಕ್ಕೆ ಏಳೂ ಅವನು ಊಟಕ್ಕೋ ಕಾಫಿಗೋ ಎದ್ದು ಹೋದಾಗ ಆದವು. ಕೆಲಸವಿಲ್ಲದಾಗ ಪ್ರೊಸೆಸರ್ ಬಹಳ ಕಡಿಮೆ ಕರೆಂಟ್ ಎಳೆಯುತ್ತದೆ. ಅಷ್ಟು ಸಣ್ಣ ಎಳೆತಕ್ಕೆ ಸ್ಥಿರವಾಗಿ ನಿಲ್ಲುವುದು ಕೆಲವು ಹಳೇ ಎಸ್‌ಎಂಪಿಎಸ್‌ಗಳಿಗೆ ಆಗದು. 2017ರಲ್ಲಿ ಬಂದ ಆ ತಲೆಮಾರಿನಲ್ಲಿ ಇದು ತಿಳಿದ ತೊಂದರೆಯೇ. ಬಯಾಸ್‌ನಲ್ಲಿ, ಅಂದರೆ ಆನ್ ಮಾಡುವಾಗ ಡಿಲೀಟ್ ಕೀಲಿ ಒತ್ತಿದರೆ ತೆರೆಯುವ ಬೋರ್ಡಿನ ಮೂಲ ಸೆಟ್ಟಿಂಗ್‌ನಲ್ಲಿ, 'ಪವರ್ ಸಪ್ಲೈ ಐಡಲ್ ಕಂಟ್ರೋಲ್' ಎಂಬುದನ್ನು 'ಟಿಪಿಕಲ್ ಕರೆಂಟ್ ಐಡಲ್'ಗೆ ಇಟ್ಟೆವು. ಹ್ಯಾಂಗ್ ನಿಂತಿತು. ಖರ್ಚು ಸೊನ್ನೆ. ಅವನು ಆಗಲೇ ರ್‍ಯಾಮ್‌ಗೆ ಸುರಿದ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ನೀವು ಬರೆಯುವ ಹಾಗೆ ವಿಂಡೋಸ್ ಕೂಡ ತನ್ನ ದಿನಚರಿ ಬರೆಯುತ್ತದೆ. ಸ್ಟಾರ್ಟ್ ಮೆನುವಿನಲ್ಲಿ 'ಈವೆಂಟ್ ವ್ಯೂವರ್' ಹುಡುಕಿ, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ತೆರೆಯಿರಿ. 'ಕರ್ನಲ್ ಪವರ್ 41' ಎಂಬ ಕೆಂಪು ಗುರುತು ನೋಡಿ ಗಾಬರಿಯಾಗಬೇಡಿ. ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ ಎಂದಷ್ಟೇ ಅದು ಹೇಳುತ್ತದೆ, ಅದು ನಿಮಗೆ ಗೊತ್ತಿರುವ ಸಂಗತಿಯೇ. ಹ್ಯಾಂಗ್ ಆದ ಸಮಯದ ಸುತ್ತಮುತ್ತ 'ವ್ಹೀಯಾ ಲಾಗರ್' ಎಂದಿದ್ದರೆ ಯಂತ್ರಭಾಗದ ದೋಷ. 'ಡಿಸ್ಕ್' ಎಂದು ಮತ್ತೆ ಮತ್ತೆ ಬಂದಿದ್ದರೆ ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿ ನೋಡಿ.

ನನ್ನ ಮೊದಲ ಅನುಮಾನ ಮಾತ್ರ ಯಾವಾಗಲೂ ರ್‍ಯಾಮ್ ಮೇಲೆ. ಅಂಗಡಿಯವರು 3200 ವೇಗದ್ದು ಎಂದು ಕೊಟ್ಟಿರುತ್ತಾರೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಗುಂಡಿ ಹಾಕಿದರಷ್ಟೇ ಹೆಚ್ಚಾಗಿ ಆ ವೇಗ ಸಿಗುವುದು. ಎಲ್ಲ ಬೋರ್ಡೂ ಅದನ್ನು ತಾಳಿಕೊಳ್ಳುವುದಿಲ್ಲ, ಅದರಲ್ಲೂ ಬೇರೆ ಬೇರೆ ಕಂಪನಿಯ ಎರಡು ರ್‍ಯಾಮ್ ಬೆರೆಸಿದಾಗ. ಎಕ್ಸ್‌ಎಂಪಿ ಆರಿಸಿ ನಾಲ್ಕು ದಿನ ನೋಡಿ. ಆಗಲೂ ಹ್ಯಾಂಗ್ ಆದರೆ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು, ರ್‍ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ನಾಲ್ಕು ಸ್ಲಾಟ್ ಇರುವ ಬಹುತೇಕ ಬೋರ್ಡುಗಳಲ್ಲಿ ಎರಡು ರ್‍ಯಾಮ್‌ಗಳ ಜಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಬಳಿಕ 'ಮೆಮ್‌ಟೆಸ್ಟ್ 86' ಎಂಬ ಉಚಿತ ಪರೀಕ್ಷೆಯನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಯಾವುದೋ ಒಂದು ಕೆಟ್ಟಿದೆ. ಒಂದೊಂದನ್ನೇ ಹಾಕಿ ಮತ್ತೆ ಓಡಿಸಿ, ಯಾವುದೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಡಿಸ್ಕಿಗೆ 'ಕ್ರಿಸ್ಟಲ್ ಡಿಸ್ಕ್ ಇನ್ಫೊ' ಎಂಬ ಉಚಿತ ತಂತ್ರಾಂಶವಿದೆ. ಹಾರ್ಡ್‌ಡಿಸ್ಕಿನಲ್ಲಿ 05 ಅಥವಾ ಸಿ5 ಸಾಲಿನ ಸಂಖ್ಯೆ ಏರುತ್ತಿದ್ದರೆ ಮೊದಲು ಫೋಟೊ, ಪತ್ರಗಳನ್ನು ಬೇರೆಡೆ ನಕಲು ಮಾಡಿ, ಉಳಿದದ್ದು ಆಮೇಲೆ. ಸಿ7 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಸಾಟಾ ಕೇಬಲ್ ದೋಷ, ಸುಮಾರು ನೂರು ರೂಪಾಯಿಯ ಮಾತು. ಡಿಸ್ಕಿನೊಳಗಿನ ತಂತ್ರಾಂಶವೇ ತಪ್ಪಿರುವುದೂ ಉಂಟು. ಕ್ರೂಷಿಯಲ್ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5184 ಗಂಟೆ ಓಡಿದ ಮೇಲೆ ಗಂಟೆಗೊಮ್ಮೆ ಕೈಕೊಡುತ್ತಿತ್ತು. 2012ರ ಜನವರಿಯಲ್ಲಿ ಕಂಪನಿ ಅದಕ್ಕೆ ತಿದ್ದುಪಡಿ ಬಿಟ್ಟಿತು.

ಪ್ರೊಸೆಸರ್ ಕಂಪನಿಗಳೂ ಒಪ್ಪಿಕೊಂಡ ದೋಷಗಳಿವೆ. ಕ್ಷಣಕಾಲ ತಡವರಿಸಿ ತಾನೇ ಸರಿಹೋಗುವ ತೊಂದರೆಯನ್ನು ಎಎಂಡಿ 2022ರಲ್ಲಿ ಒಪ್ಪಿತು, ಬಯಾಸ್ ಅಪ್‌ಡೇಟ್‌ನಿಂದ ಅದು ಹೋಗುತ್ತದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಳತೆ ಮೀರಿದ ವೋಲ್ಟೇಜಿನಿಂದ ಸವೆಯುತ್ತಿದ್ದವು. 2024ರಲ್ಲಿ ತಿದ್ದುಪಡಿ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಅಪ್‌ಡೇಟ್ ಹಾಕುವಾಗ ಯುಪಿಎಸ್ ಇರಲೇಬೇಕು. ನಡುವೆ ಕರೆಂಟ್ ಹೋದರೆ ಬೋರ್ಡ್ ಆನ್ ಆಗದೆ ಹೋಗಬಹುದು.

ಬಿಸಿ, ಧೂಳು ಕಾರಣವಲ್ಲವೇ ಎನ್ನುತ್ತೀರಿ. ಇರಬಹುದು, ಆದರೆ ಬಿಸಿಯಾದ ಪ್ರೊಸೆಸರ್ ಮೊದಲು ನಿಧಾನವಾಗುತ್ತದೆ, ಆಮೇಲೆ ತಾನೇ ಆರಿಹೋಗುತ್ತದೆ. ಧೂಳು ಊದಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿ.

ಕರೆಂಟ್ ದೋಷವನ್ನೂ ಹೀಗೇ ಗುರುತಿಸಬಹುದು. ಅಕ್ಕಪಕ್ಕದ ಬೋರ್‌ವೆಲ್ ಮೋಟಾರ್ ಶುರುವಾದಾಗ ದೀಪ ಮಂಕಾಗುತ್ತದಲ್ಲ, ಆಗ ಕಂಪ್ಯೂಟರ್ ಹ್ಯಾಂಗ್ ಆಗುವುದಕ್ಕಿಂತ ರೀಸ್ಟಾರ್ಟ್ ಆಗುವುದೇ ಹೆಚ್ಚು. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆಯುವುದು ಸುಮಾರು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ ಮಾತ್ರ. ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೇ ಹಾಕಿಡಿ. ವೋಲ್ಟೇಜ್ ಪದೇ ಪದೇ ಇಳಿಯುತ್ತಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಬರೆಸಿ.

ಇಷ್ಟೆಲ್ಲ ನೋಡಿದ ಮೇಲೂ ಭಾಗ ಕೊಳ್ಳಲೇಬೇಕಾದರೆ, ಒಂದು ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ಗೆ ಸುಮಾರು ನಾಲ್ಕರಿಂದ ಐದು ಸಾವಿರ ಇಟ್ಟುಕೊಳ್ಳಿ. ರ್‍ಯಾಮ್ ಬೆಲೆ 2025ರ ಕೊನೆಯಿಂದ ಸಿಕ್ಕಾಪಟ್ಟೆ ಏರಿದೆ, ಹೋದ ದಿನವೇ ಮೂರು ಅಂಗಡಿಯಲ್ಲಿ ಕೇಳಿ. ಅದಕ್ಕೂ ಮೊದಲು ಹಳೇ ಬಿಲ್ ಹುಡುಕಿ. ರ್‍ಯಾಮ್ ಮತ್ತು ಎಸ್‌ಎಂಪಿಎಸ್‌ಗಳಿಗೆ ಹಲವು ವರ್ಷದ ವಾರಂಟಿ ಇರುವುದೇ ಹೆಚ್ಚು. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡೇ ಸರಿ. ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಭಾನುವಾರ ಮಾತ್ರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.