ತಡವಾಗಿ ದೊರೆತ ಮನ್ನಣೆ

ಅಮೆರಿಕೆಯ ‘ಬೀಚ್ ಬಾಯ್ಸ್’ ಎಂಬ ಗಾಯಕವೃಂದವು ಕಡಲ ತೆರೆಗಳನ್ನೂ ಮೋಟಾರುಗಳನ್ನೂ ಕುರಿತು ಹಾಡಿ ಹೆಸರಾಗಿದ್ದಿತು. ಆ ವೃಂದದ ಬ್ರಯನ್ ವಿಲ್ಸನ್ನರಿಗೆ ಬಲಗಿವಿಯು ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಅವರು ಊರೂರು ಸಂಚಾರವನ್ನು ಬಿಟ್ಟು, ಸ್ಟುಡಿಯೋದಲ್ಲಿ ಶ್ರಮಿಸಿ, 1966ರಲ್ಲಿ ‘ಪೆಟ್ ಸೌಂಡ್ಸ್’ ಎಂಬ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದರು. ಸೈಕಲ್ಲಿನ ಗಂಟೆ, ನಾಯಿಗಳ ಕೂಗುಗಳಿಗೂ ಅದರಲ್ಲಿ ಎಡೆ ದೊರೆಯಿತು. ಆದರೆ ಅದರ ವಿಷಾದಭಾವಕ್ಕೆ ಸ್ವದೇಶದ ವಿಮರ್ಶಕರು ಅಷ್ಟಾಗಿ ಮನಸೋಲಲಿಲ್ಲ. ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಅದು 10ನೆಯ ಸ್ಥಾನವನ್ನು ಮೀರಲಿಲ್ಲ. ಇಂಗ್ಲೆಂಡಿನಲ್ಲಾದರೋ 2ನೆಯ ಸ್ಥಾನಕ್ಕೇರಿತು, ವಿಮರ್ಶಕರು ಕೊಂಡಾಡಿದರು, ಬೀಟಲ್ಸ್ ವೃಂದದ ಪಾಲ್ ಮೆಕಾರ್ಟ್ನಿಯವರೂ ತಲೆದೂಗಿದರು. 2003ರಲ್ಲಿ ಅಮೆರಿಕೆಯ ‘ರೋಲಿಂಗ್ ಸ್ಟೋನ್’ ಪತ್ರಿಕೆಯೇ ಸರ್ವಕಾಲದ 500 ಶ್ರೇಷ್ಠ ಧ್ವನಿಮುದ್ರಿಕೆಗಳಲ್ಲಿ ಇದಕ್ಕೆ 2ನೆಯ ಸ್ಥಾನವನ್ನಿತ್ತಿತು. 2025ರಲ್ಲಿ ಕಾಲವಶರಾದ ವಿಲ್ಸನ್ನರು ಈ ಮನ್ನಣೆಯನ್ನು ಕಣ್ಣಾರೆ ಕಂಡರು. ಮನೆಯ ಮಕ್ಕಳು ಹೊಸ ಹಾಡೊಂದನ್ನು ತಂದಾಗ, ವಾಚಕರು ಎರಡನೆಯ ಸಲವೂ ಕಿವಿಗೊಟ್ಟು ಬಳಿಕ ತೀರ್ಪು ಹೇಳುವುದು ಲೇಸು.